ಬೆಳಗಿನ ಐದು ಮಿಲಿಗ್ರಾಂ

ಮುಖ ತುಂಬಿಕೊಂಡರೆ ನಮ್ಮ ಕಡೆ ಸುಖವಾಗಿದ್ದಾರೆ ಎಂದೇ ಲೆಕ್ಕ. ಮದುವೆಮನೆಯಲ್ಲಿ ಕೆನ್ನೆ ಮುಟ್ಟಿ "ಈಗ ನೋಡು, ಎಷ್ಟು ಲಕ್ಷಣವಾಗಿದ್ದೀಯ" ಎನ್ನುವ ಹಿರಿಯರಿಗೆ ಏನು ಹೇಳುವುದೆಂದು ನನಗೆ ತೋಚುವುದಿಲ್ಲ. ಕೆನ್ನೆಯ ಆ ದುಂಡು ಸ್ಟೆರಾಯ್ಡಿನದು. ಹಿಂಗತ್ತಿನ ಬುಡದಲ್ಲಿ ಕೂತಿರುವ ಕೊಬ್ಬೂ ಅದರದೇ. ಆದರೆ ಅವರ ಮಾತಿನಲ್ಲಿರುವುದು ನಿಜವಾದ ಅಕ್ಕರೆ. ಹಾಗಾಗಿ "ಹೂಂ, ಈಗ ಪರವಾಗಿಲ್ಲ" ಅನ್ನುತ್ತೇನೆ. ಅದು ಸುಳ್ಳೂ ಅಲ್ಲ.

ನನಗಿರುವುದು ರುಮಟಾಯ್ಡ್ ಸಂಧಿವಾತ. ವಯಸ್ಸಾಗಿ ಮಂಡಿ ಸವೆಯುವ ನೋವಲ್ಲ ಇದು. ದೇಹದ ರಕ್ಷಣಾ ಪಡೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುವ ಕಾಯಿಲೆ. ಇದರ ಕ್ರೌರ್ಯವೆಲ್ಲ ಬೆಳಗಿನ ಹೊತ್ತಿನಲ್ಲಿ. ಎದ್ದಾಗ ಬೆರಳುಗಳು ಮಡಚುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ರಂಗೋಲಿ ಪುಡಿ ನಿಲ್ಲುತ್ತಿರಲಿಲ್ಲ. ಕುಕ್ಕರಿನ ಮುಚ್ಚಳ ತೆಗೆಯಲು, ಮಗಳ ಜಡೆ ಹೆಣೆಯಲು ಬೇರೆಯವರು ಬೇಕಿತ್ತು. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಶುರುವಾದ ಮೂರನೆಯ ಬೆಳಿಗ್ಗೆ ಮುಷ್ಟಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಈ ಮಾತ್ರೆಯನ್ನು ಬರೀ ವಿಷ ಎಂದು ಯಾರಾದರೂ ಬೈದರೆ ನಾನು ಒಪ್ಪದಿರುವುದು ಆ ಬೆಳಗಿನ ಕಾರಣಕ್ಕೆ.

ಅಂಥ ಬೆಳಗನ್ನು ಮೊದಲು ಕಂಡವಳು ಅಮೆರಿಕದ ಒಬ್ಬ ಹೆಂಗಸು. ಕಾಮಾಲೆ ಬಂದಾಗ, ಬಸಿರಾದಾಗ ಕೆಲವರ ಸಂಧಿವಾತ ತಾನಾಗಿ ತಗ್ಗುವುದನ್ನು ಮೇಯೋ ಕ್ಲಿನಿಕ್ಕಿನ ಡಾಕ್ಟರ್ ಫಿಲಿಪ್ ಹೆಂಚ್ ಗಮನಿಸಿದ್ದರು. ದೇಹವೇ ಏನನ್ನೋ ತಯಾರಿಸುತ್ತಿರಬೇಕು ಎಂಬುದು ಅವರ ಊಹೆ. 1948ರ ಸೆಪ್ಟೆಂಬರಿನಲ್ಲಿ, ಹಾಸಿಗೆ ಬಿಟ್ಟೇಳಲು ಒದ್ದಾಡುತ್ತಿದ್ದ ಆ 29 ವರ್ಷದವಳಿಗೆ, ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದ ಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಚುಚ್ಚಿದರು. ವಾರ ಕಳೆಯುವಷ್ಟರಲ್ಲಿ ಅವಳು ನಡೆದುಕೊಂಡು ಪೇಟೆಗೆ ಹೋಗಿ ಬಂದಳು. 1950ರಲ್ಲಿ ಹೆಂಚ್, ಕೆಂಡಾಲ್, ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಊದಿದ ಮುಖ, ಕದಡಿದ ಮನಸ್ಸು, ಮೆತ್ತಗಾದ ಮೂಳೆಗಳ ಸುದ್ದಿ ಬರಲೂ ತಡವಾಗಲಿಲ್ಲ.

ನಾನು ಬೆಳಿಗ್ಗೆ ನುಂಗುವ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂದರೆ ಆರೋಗ್ಯವಂತ ದೇಹ ದಿನಕ್ಕೆ ತಾನೇ ಮಾಡಿಕೊಳ್ಳುವ ಕಾರ್ಟಿಸಾಲ್ ಎಂಬ ಸ್ಟೆರಾಯ್ಡಿಗೆ ಹೆಚ್ಚೂಕಡಿಮೆ ಸಮ. ಹಾಗಿದ್ದ ಮೇಲೆ ಕೆಡುಕೇಕೆ? ದೇಹದ ಕಾರ್ಟಿಸಾಲಿಗೆ ಹೊತ್ತುಗೊತ್ತಿದೆ: ಬೆಳಗಿನ ಜಾವ ಏರುತ್ತದೆ, ಮಧ್ಯರಾತ್ರಿಗೆ ಇಳಿಯುತ್ತದೆ, ಜ್ವರ ಬಂದರೆ, ಪೆಟ್ಟು ಬಿದ್ದರೆ ತಟ್ಟನೆ ಹೆಚ್ಚುತ್ತದೆ. ಮಾತ್ರೆಗೆ ಅದ್ಯಾವುದೂ ತಿಳಿಯದು. ಜೊತೆಗೆ, ದಿನವೂ ಹೊರಗಿನಿಂದ ಊಟ ಬರುವ ಮನೆಯಲ್ಲಿ ಒಲೆ ಹಚ್ಚುವುದು ನಿಂತುಹೋಗುವ ಹಾಗೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ನಮ್ಮ ಬಳಗದ ಹಿರಿಯರೊಬ್ಬರು ಯಾರದೋ ಮಾತು ಕೇಳಿ ಮಾತ್ರೆಯನ್ನು ಒಮ್ಮೆಗೇ ಬಿಟ್ಟರು. ವಾಂತಿ, ನಿತ್ರಾಣ, ಕೆಳಗಿಳಿದ ಬಿಪಿ. ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟ ಮೇಲೆಯೇ ಅವರು ಕಣ್ಣುಬಿಟ್ಟು ಮಾತಾಡಿದ್ದು. ಅಂದಿನಿಂದ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ಮಾತ್ರೆಯ ಹೆಸರು, ಪ್ರಮಾಣ, "ಏಕಾಏಕಿ ನಿಲ್ಲಿಸಬಾರದು" ಎಂಬ ಸಾಲು. ಹಲ್ಲು ಕೀಳಿಸುವಾಗಲೂ ಮೊದಲು ಅದನ್ನೇ ತೋರಿಸುತ್ತೇನೆ.

ಸಣ್ಣ ಪ್ರಮಾಣದ ತೊಂದರೆಗಳು ಒಂದೇ ದಿನ ಕಾಣಿಸಿಕೊಳ್ಳುವುದಿಲ್ಲ, ವರ್ಷಗಳಲ್ಲಿ ಜಮೆಯಾಗುತ್ತವೆ. ನನ್ನನ್ನು ಹೆಚ್ಚು ನೋಯಿಸಿದ್ದು ಚರ್ಮ. ಮುಂಗೈ ಚರ್ಮ ತೆಳ್ಳಗಾಗಿ, ಬಾಗಿಲ ಚಿಲಕ ತಾಗಿದರೂ ನೇರಳೆ ಕಲೆ ಏಳುತ್ತದೆ. ಗಾಜಿನ ಬಳೆ ಬಿಟ್ಟೆ. ತೊಡುವಾಗಲೇ ಚರ್ಮ ಕಿತ್ತು ಬರುತ್ತಿತ್ತು. ಕಲೆ ಕಂಡವರು "ಎಲ್ಲಿ ಹೊಡ್ಕೊಂಡ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಮ್ಮೆ ನನ್ನ ಗಂಡನ ಮುಖ ನೋಡುತ್ತಾರೆ. ಆ ನೋಟಕ್ಕೆ ಇವರು ಏನೂ ಅನ್ನುವುದಿಲ್ಲ. ನನಗೆ ಸಂಕಟವಾಗುತ್ತದೆ. ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದು ಅದಕ್ಕೇ.

ನಿದ್ದೆ ಮೂರು ಗಂಟೆಗೇ ಹಾರಿಹೋಗುತ್ತದೆ. ಹಸಿವು ಮಾತ್ರ ಸಾಯುವುದಿಲ್ಲ. ಏಕಾದಶಿಯ ಉಪವಾಸ ಈಗ ನನ್ನಿಂದಾಗದು, ಮಾತ್ರೆಗೆ ಬೆಳಗಿನ ತಿಂಡಿ ಬೇಕೇ ಬೇಕು. ಸಕ್ಕರೆಯ ವಿಷಯ ಹಲವರಿಗೆ ಗೊತ್ತಿಲ್ಲ. ಬೆಳಿಗ್ಗೆ ನುಂಗಿದ ಮಾತ್ರೆ ಸಕ್ಕರೆ ಏರಿಸುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಪರೀಕ್ಷೆ ಸರಿಯಿದೆ ಎಂದು ಸುಮ್ಮನಾದರೆ ಕಾಯಿಲೆ ಕಣ್ತಪ್ಪಿಸಿಕೊಳ್ಳುತ್ತದೆ, ಊಟದ ನಂತರವೂ ನೋಡಿಸಬೇಕು. ಮೂಳೆ ವೇಗವಾಗಿ ಸವೆಯುವುದು ಮೊದಲ ಆರು ತಿಂಗಳಲ್ಲಿ, ಅಂದರೆ ಕೈಕಾಲು ಹಗುರಾಗಿ ನಾವು ಸಂತೋಷದಲ್ಲಿರುವ ಹೊತ್ತಿನಲ್ಲೇ. ಕ್ಯಾಲ್ಸಿಯಂ, ಡಿ ವಿಟಮಿನ್ ಮೊದಲ ದಿನದಿಂದಲೇ ಬೇಕು ಅನ್ನುವುದು ಅದಕ್ಕೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆ, ಮುದ್ದೆ ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಕಣ್ಣಿನ ಪೊರೆಗಾಗಿ ವರ್ಷಕ್ಕೊಮ್ಮೆ ತಪಾಸಣೆ.

2021ರಲ್ಲಿ ಕೋವಿಡ್ ಬಂದವರಲ್ಲಿ ಕಪ್ಪು ಶಿಲೀಂಧ್ರ ಕಾಣಿಸಿದಾಗ ಸ್ಟೆರಾಯ್ಡ್ ಎಂಬ ಹೆಸರಿಗೇ ಜನ ನಡುಗಿದರು. ಅಲ್ಲಿದ್ದದ್ದು ದೊಡ್ಡ ಪ್ರಮಾಣ, ಜೊತೆಗೆ ಹತೋಟಿ ತಪ್ಪಿದ ಸಕ್ಕರೆ. ಭಯ ಮಾತ್ರ ನಮ್ಮ ಸಣ್ಣ ಮಾತ್ರೆಗೂ ಅಂಟಿತು. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಸ್ಟೆರಾಯ್ಡ್ ಎಂದು ಬರೆದಿಲ್ಲದ ಪೊಟ್ಟಣಗಳು. ಕೀಲುನೋವಿಗೆಂದು ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯವಾಯಿತು ಎಂದು ಯಾರಾದರೂ ಹಿಗ್ಗಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಎಷ್ಟು ತಿನ್ನುತ್ತಿದ್ದಾರೆಂದು ಅವರಿಗೂ ತಿಳಿಯದು, ಬಿಟ್ಟಾಗ ಬೀಳುವುದೇಕೆಂದು ನೋಡುವ ಡಾಕ್ಟರಿಗೂ ತಿಳಿಯದು.

ಈಗ ನನ್ನ ಪ್ರಮಾಣ ಇಳಿಯುತ್ತಿದೆ. ಒಂದು ದಿನ 5, ಮರುದಿನ ಅದರ ಅರ್ಧ. ಅರ್ಧದ ದಿನ ಮೈಯೆಲ್ಲ ಹಿಂಡಿದಂತೆ ನೋವು. ಇದು ಕಾಯಿಲೆ ಮರಳಿದ್ದೋ, ದೇಹ ಹಳೆಯ ಪ್ರಮಾಣವನ್ನು ಕೇಳುತ್ತಿರುವುದೋ ಎಂದು ಗುರುತಿಸುವುದು ಕಷ್ಟ. ನಾನು ಬೆರಳ ಗೆಣ್ಣು ಒತ್ತಿ ನೋಡುತ್ತೇನೆ: ಊತ, ಬಿಸಿ ಇದ್ದರೆ ಕಾಯಿಲೆ, ಬರೀ ಮೈಕೈ ನೋವಾದರೆ ಇನ್ನೆರಡು ವಾರ ತಾಳಿಕೊಳ್ಳುವುದು. ಡಾಕ್ಟರೂ ಅದನ್ನು ಒಪ್ಪಿದ್ದಾರೆ. ಮುಂದಿನ ತಿಂಗಳು ಬೆಳಿಗ್ಗೆ 8 ಗಂಟೆಗೆ, ಮಾತ್ರೆ ನುಂಗುವ ಮೊದಲು, ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಡಬೇಕು. ಗ್ರಂಥಿಗಳು ಮತ್ತೆ ಕೆಲಸ ಹಿಡಿದಿದ್ದರೆ ಅರ್ಧವನ್ನೂ ಮೆಲ್ಲಗೆ ಬಿಡಿಸುತ್ತಾರಂತೆ. ಸಂಧಿವಾತವನ್ನು ಹತೋಟಿಯಲ್ಲಿಡಲು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಆಗಲೂ ಇದ್ದೇ ಇರುತ್ತದೆ.