ತೆರಕಣಾಂಬಿಯಲ್ಲಿ ಒಂದು ಹಗಲು

ಪ್ರವಾಸವೆಂದರೆ ಊಟಿ, ಬಂಡೀಪುರ ಎಂದು ನಿಶ್ಚಯಿಸಿಕೊಂಡು ಮೈಸೂರಿನಿಂದ ಹೊರಡುವವರಿಗೆ ಗುಂಡ್ಲುಪೇಟೆ ಬರಿಯ ಕಾಫಿಯ ತಾಣ. ಅಲ್ಲಿಂದ ಎಡಕ್ಕೆ ಹೊರಳಿ ಚಾಮರಾಜನಗರದ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಸಾಗಿದರೆ ತೆರಕಣಾಂಬಿ ಎಂಬುದೊಂದು ಊರು ಸಿಕ್ಕುತ್ತದೆ. ಅದು ಒಂದು ಕಾಲಕ್ಕೆ ಅರಸರು ಕಾದಾಡಿ ಪಡೆದ ಪಟ್ಟಣವಾಗಿತ್ತು ಎಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಹತ್ತಾರು ಬಾರಿ ಅದೇ ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು ಮುಂದೆ ಹೋದವನೇ ನಾನು.

ಈ ಸಲ ಎಡಕ್ಕೆ ಹೊರಳುವಂತೆ ಮಾಡಿದವನು ನನ್ನ ತಂಗಿಯ ಮಗ. ಹತ್ತನೆಯ ತರಗತಿಯಲ್ಲಿದ್ದಾನೆ. ಹುಟ್ಟಿನಿಂದಲೇ ಅವನ ದೃಷ್ಟಿ ಮಂದ. ಕನ್ನಡಕಕ್ಕೆ ಬಗ್ಗುವ ದೋಷವಲ್ಲ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಒಂದೊಂದೇ ಪದ ಕಾಣುತ್ತದೆ, ಅರ್ಧ ಗಂಟೆಗೆಲ್ಲ ತಲೆನೋವು. ಆದರೂ ಕನ್ನಡವೆಂದರೆ ಪ್ರಾಣ. ಹಳೆಯ ಕವಿಗಳ ಹೆಸರುಗಳನ್ನು ಊರಿನ ಸಮೇತ ಹೇಳುತ್ತಾನೆ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡಲು ಲಿಪಿಕಾರನನ್ನು ಪಡೆಯಬಹುದೆಂದು ಶಾಲೆಯವರು ಹೇಳಿದ್ದಾರೆ. ಅರ್ಜಿ ಕೊಡಲು ಹತ್ತು ದಿನ ಮಾತ್ರ ಉಳಿದಿತ್ತು. ಹುಡುಗ ಒಲ್ಲೆನೆಂದು ಹಟ ಹಿಡಿದಿದ್ದ.

"ನೀನಾದರೂ ಬುದ್ಧಿ ಹೇಳು ಅಣ್ಣ, ನಿನ್ನ ಮಾತಾದರೆ ಕೇಳುತ್ತಾನೆ" ಎಂದಳು ತಂಗಿ.

ಬುದ್ಧಿ ಹೇಳುವುದು ನನಗೆ ಬಾರದ ವಿದ್ಯೆ. "ಬೊಮ್ಮರಸನ ಊರಿಗೆ ಹೋಗಿ ಬರೋಣವೇನೋ?" ಎಂದೆ. ಒಡನೆಯೇ ಚಪ್ಪಲಿ ಮೆಟ್ಟಿಕೊಂಡ.

ಚಿಕ್ಕಂದಿನ ಪೋಲಿಯೋದಿಂದ ನನ್ನ ಎಡಗಾಲು ಸಣಕಲು. ಬಸ್ಸಿನ ಮೆಟ್ಟಿಲೇರುವಾಗ ಅವನು ತೋಳು ಕೊಡುತ್ತಾನೆ. ಬಸ್ಸಿನ ಫಲಕವನ್ನು ನಾನು ಓದಿ ಹೇಳುತ್ತೇನೆ. ಸಾಂಖ್ಯರ ಅಂಧಪಂಗು ನ್ಯಾಯವನ್ನು ಪುಸ್ತಕದಲ್ಲಿ ಓದಿದವರು ಬಹಳ ಮಂದಿ. ನಾವಿಬ್ಬರೂ ಅದನ್ನು ಟಿಕೆಟ್ಟು ಕೊಂಡು ಆಚರಿಸಿದೆವು.

ನಂಜನಗೂಡು ದಾಟಿ, ಬೇಗೂರು ದಾಟಿ, ಗುಂಡ್ಲುಪೇಟೆ ತಲುಪುವ ಹೊತ್ತಿಗೆ ದಕ್ಷಿಣದ ದಿಗಂತದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದು ಕುಳಿತಿತ್ತು. ಈ ಊರಿನಲ್ಲಿಯೇ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಅದೇ ಅರಸರ ಆಸ್ಥಾನದಲ್ಲಿ ಯಳಂದೂರಿನ ಹೊನ್ನಮ್ಮ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದಳು. ರಾಣಿ ದೇವಾಜಮ್ಮಣ್ಣಿ ಆ ಹುಡುಗಿಯ ಬುದ್ಧಿಯನ್ನು ಗುರುತಿಸಿದಳು. ಅಳಸಿಂಗರಾರ್ಯರು ಪಾಠ ಹೇಳಿದರು. ಸಂಚಿ ಹಿಡಿದ ಕೈ 'ಹದಿಬದೆಯ ಧರ್ಮ'ವನ್ನು ಬರೆಯಿತು. ಊಳಿಗದ ಹೆಣ್ಣಿಗೆ ಕಾವ್ಯವೇಕೆ ಎಂದು ಕೇಳುವವರು ಆಗಲೂ ಇದ್ದಿರಬೇಕು. ಕೇಳಿದವರ ಹೆಸರು ಉಳಿದಿಲ್ಲ.

ತೆರಕಣಾಂಬಿಯ ದಾರಿಯ ಎರಡೂ ಬದಿಗೆ ಅರಿಸಿನ, ಬಾಳೆ, ತರಕಾರಿ. ಆಷಾಢ ಶ್ರಾವಣಗಳಲ್ಲಿ ಈ ಸೀಮೆಯ ಹೊಲಗಳು ಸೂರ್ಯಕಾಂತಿ, ಚೆಂಡುಹೂಗಳಿಂದ ಹಳದಿಯಾಗಿ, ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ನಾವು ಹೋದದ್ದು ಮಾರ್ಗಶಿರದಲ್ಲಿ. ಹೂವಿನ ಹಂಗಿಲ್ಲದ ಕೆಂಪು ನೆಲ. ಊರು ಸೇರುತ್ತಲೇ ಎದುರಾದದ್ದು ತರಕಾರಿಯ ಸಂತೆಯ ಗದ್ದಲ. ಟೊಮೇಟೊ, ಕೋಸು, ಬೀನ್ಸುಗಳ ಮೂಟೆಗಳ ನಡುವೆ ಸಂದು ಹುಡುಕಿಕೊಂಡು ನಾವು ಹಳೆಯ ಊರಿನ ಕಡೆಗೆ ನಡೆದೆವು.

ತ್ರಿಕದಂಬಪುರ ಎಂಬುದೇ ತೆರಕಣಾಂಬಿಯಾಯಿತೆಂದು ಸ್ಥಳಪುರಾಣ. ಕುಡುಗುನಾಡಿನ ಮುಖ್ಯ ಪಟ್ಟಣ. ವಿಜಯನಗರದ ಕಾಲದಲ್ಲಿ ಉಮ್ಮತ್ತೂರಿನ ಪಾಳೆಯಗಾರರ ಕೈಯಲ್ಲಿದ್ದದ್ದು. ಬಳಿಕ ಮೈಸೂರಿನ ಒಡೆಯರಿಗೆ ಸೇರಿದ್ದು. ಊರು ಈಗ ಹೋಬಳಿಯ ಕೇಂದ್ರ, ಅಷ್ಟೆ. ಲಕ್ಷ್ಮೀವರದರಾಜಸ್ವಾಮಿಯ ದೇವಾಲಯವೂ ಅಲ್ಲಲ್ಲಿನ ಹಳೆಯ ಗುಡಿಗಳೂ ಹಿಂದಿನ ಹಿರಿಮೆಯನ್ನು ಹೇಳುತ್ತವೆ. ಶ್ರಾವಣದ ಶನಿವಾರಗಳಲ್ಲಿ ಜನ ಇಲ್ಲಿಗೆ ಸಮೀಪದ ಹುಲುಗನಮುರಡಿಯ ವೆಂಕಟರಮಣನ ಬೆಟ್ಟಕ್ಕೆ ಸಾಲುಗಟ್ಟಿ ಹೋಗುತ್ತಾರಂತೆ. ನಮ್ಮ ಕಾಲಿಗೂ ಕಣ್ಣಿಗೂ ಆ ಬೆಟ್ಟ ಇನ್ನೊಂದು ದಿನಕ್ಕಿರಲೆಂದು ಬಿಟ್ಟುಬಿಟ್ಟೆವು.

ಅರ್ಚಕರು ಪೂಜೆ ಮುಗಿಸಿ ಹೋಗಿದ್ದರು. ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಮೊಸರನ್ನದ ಜೊತೆಗೆ ಹುಡುಗ ಬೊಮ್ಮರಸನನ್ನೂ ಬಿಚ್ಚಿದ.

ಸುಮಾರು 1485ರಲ್ಲಿದ್ದ ಜೈನ ಕವಿ ತೆರಕಣಾಂಬಿಯ ಬೊಮ್ಮರಸ. ಅವನ ಕೃತಿಗಳು ಎರಡು: 'ಸನತ್ಕುಮಾರ ಚರಿತೆ', 'ಜೀವಂಧರ ಸಾಂಗತ್ಯ'. ಕವಿ ಆರಿಸಿಕೊಂಡ ಈ ಇಬ್ಬರು ನಾಯಕರನ್ನು ಜೋಡಿಸಿ ನೋಡಿದಾಗ ನನಗೆ ಸೋಜಿಗವೆನಿಸಿತು. ಸನತ್ಕುಮಾರ ಚಕ್ರವರ್ತಿಯ ಚೆಲುವನ್ನು ಕಾಣಲು ದೇವತೆಗಳೇ ಮಾರುವೇಷದಲ್ಲಿ ಇಳಿದು ಬಂದರೆಂದು ಜೈನ ಪುರಾಣಗಳು ಹೇಳುತ್ತವೆ. ಆ ಚೆಲುವು ಕಣ್ಣೆದುರಿನಲ್ಲೇ ಕುಂದಿದುದನ್ನು ಅರಿತು ಅವನು ತಪಸ್ಸಿಗೆ ಹೋದ. ಮೈಯೆಲ್ಲ ರೋಗ ಮುತ್ತಿತು. ದೇವನೊಬ್ಬ ವೈದ್ಯನ ವೇಷದಲ್ಲಿ ಬಂದು ಗುಣಪಡಿಸುವೆನೆಂದರೆ, ಹುಟ್ಟುಸಾವಿನ ರೋಗಕ್ಕೆ ನಿನ್ನಲ್ಲಿ ಮದ್ದಿದೆಯೇ ಎಂದು ಕೇಳಿದನಂತೆ. ಮುನಿಗಳಿಗೆ ಒಪ್ಪುವ ಮಾತು. ಹತ್ತನೆಯ ತರಗತಿಯವನು ಮಾತ್ರ ವೈದ್ಯನು ಕೊಟ್ಟ ಭೂತಗನ್ನಡಿಯನ್ನು ಮರ್ಯಾದೆಯಿಂದ ತೆಗೆದುಕೊಳ್ಳಬೇಕು.

ನನ್ನನ್ನು ಹಿಡಿದದ್ದು ಜೀವಂಧರನ ಕಥೆ. ಬೊಮ್ಮರಸನಿಗಿಂತ ಮೊದಲೇ, 1424ರಲ್ಲಿ, ಭಾಸ್ಕರ ಕವಿ ಇದನ್ನು ಕನ್ನಡಕ್ಕೆ ತಂದಿದ್ದ. ಸಂಸ್ಕೃತದಲ್ಲಿ ಅದಕ್ಕೂ ಹಿಂದೆ ವಾದೀಭಸಿಂಹನದು ಪ್ರಸಿದ್ಧ. ಮಂತ್ರಿಯಾದ ಕಾಷ್ಠಾಂಗಾರನೇ ದ್ರೋಹ ಬಗೆದು ಅರಸನನ್ನು ಕೊಲ್ಲುತ್ತಾನೆ. ತುಂಬು ಗರ್ಭಿಣಿಯಾದ ರಾಣಿ ನವಿಲಿನ ಯಂತ್ರವೇರಿ ಪಾರಾಗಿ ಸ್ಮಶಾನದಲ್ಲಿ ಮಗುವನ್ನು ಹೆರುತ್ತಾಳೆ. ಸತ್ತ ತನ್ನ ಕೂಸನ್ನು ಹೂಳಲು ಬಂದ ಗಂಧೋತ್ಕಟನೆಂಬ ವರ್ತಕ ಈ ಮಗುವನ್ನು ಎತ್ತಿಕೊಂಡು ಹೋಗಿ ಸಾಕುತ್ತಾನೆ.

ಇನ್ನು ಗುರು ಆರ್ಯನಂದಿ. ಅವನಿಗೆ ಭಸ್ಮಕ ರೋಗ: ಎಷ್ಟು ಉಂಡರೂ ಹಸಿವು ಇಂಗದು. ವರ್ತಕನ ಮನೆಯ ಅಡುಗೆಯನ್ನೆಲ್ಲ ಬಳಿದು ಉಂಡರೂ ತಣಿಯದವನಿಗೆ, ಉಣ್ಣುತ್ತಿದ್ದ ಬಾಲಕ ಜೀವಂಧರ ತನ್ನ ಪಾಲಿನಿಂದ ಒಂದು ತುತ್ತು ಕೊಡುತ್ತಾನೆ. ಅಷ್ಟಕ್ಕೇ ಹಸಿವು ಅಡಗುತ್ತದೆ. ಆ ಋಣಕ್ಕೆ ಗುರು ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆಯುತ್ತಾನೆ.

"ಆರ್ಯನಂದಿ ತುತ್ತು ಬೇಡವೆಂದಿದ್ದರೆ?" ಎಂದೆ.

ಹುಡುಗನಿಗೆ ನನ್ನ ಹೂಟ ತಿಳಿದುಹೋಯಿತು. "ಊಟ ಬೇರೆ, ಪರೀಕ್ಷೆ ಬೇರೆ ಮಾವ. ಇನ್ನೊಬ್ಬರ ಕೈಯಲ್ಲಿ ಬರೆಸಿದ ಅಂಕ ನನ್ನದು ಹೇಗಾಗುತ್ತದೆ? ಓದಿದವನು ಇವನೇ ಎಂದು ಯಾರು ನಂಬುತ್ತಾರೆ?"

ಇದಕ್ಕೆ ಉತ್ತರ ಹೇಳಬೇಕಾಯಿತು. ವ್ಯಾಸರು ಹೇಳಿದರು, ಗಣಪತಿ ಬರೆದ. ಭಾರತವನ್ನು ಯಾರೂ ಗಣಪತಿಯದೆನ್ನಲಿಲ್ಲ. ಗದುಗಿನಲ್ಲಿ ಕುಮಾರವ್ಯಾಸ ತಾನೇ ಲಿಪಿಕಾರನೆಂದೂ ವೀರನಾರಾಯಣನೇ ಕವಿಯೆಂದೂ ಹೇಳಿಕೊಂಡ. ಲಿಪಿಕಾರನೆಂಬ ಹೆಸರಿನಲ್ಲಿ ಅವಮಾನವೇನಾದರೂ ಇದ್ದರೆ ಅವನು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿರಲಿಲ್ಲ. ಪುರಾಣ ಸಾಲದೆಂದರೆ ಕಾಯಿದೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಂಥ ಮಕ್ಕಳ ಓದನ್ನು ಹಕ್ಕೆಂದು ಕರೆದಿದೆ, ದಯೆಯೆಂದಲ್ಲ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು. 2021ರಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಯೊಬ್ಬನಿಗೂ ಲಿಪಿಕಾರನನ್ನು ಪಡೆಯುವ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಉತ್ತರ ತಲೆಯಿಂದ ಬರಬೇಕು. ಯಾವ ಬೆರಳಿನಿಂದ ಇಳಿಯಿತೆಂಬುದು ನ್ಯಾಯಾಲಯಕ್ಕೇ ಮುಖ್ಯವಾಗಲಿಲ್ಲ.

ಹುಡುಗ ಸುಮ್ಮನೆ ಕೇಳಿದ. ಒಪ್ಪಿದಂತೆ ಕಾಣಲಿಲ್ಲ.

ಆಮೇಲೆ ನಾನು ಹೇಳಿದ್ದು ಮನೆಯಲ್ಲಿಯೂ ಹೇಳದ ಸಂಗತಿ. ನನ್ನ ಪರೀಕ್ಷೆಯ ದಿನ ಕೊಠಡಿ ಎರಡನೆಯ ಮಹಡಿಯಲ್ಲಿತ್ತು. ಕೆಳಗಿನ ಕೊಠಡಿ ಕೇಳಬಹುದಾಗಿತ್ತು, ಕೇಳಲು ನಾಚಿಕೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ, ಕಾಲು ಸೆಳೆದು, ಕುಳಿತು, ಮತ್ತೆ ಏರಿ, ಒಳಗೆ ಹೋಗುವಾಗ ಕಾಲು ಗಂಟೆ ಕಳೆದಿತ್ತು. ಗಣಿತದ ಕಡೆಯ ಎರಡು ಲೆಕ್ಕ ಬಿಟ್ಟುಹೋದವು. ಎರಡೂ ಬರುತ್ತಿದ್ದ ಲೆಕ್ಕಗಳೇ. ಸಾಹಸ ಮಾಡಿದೆನೆಂದು ಬಹಳ ದಿನ ಹೆಮ್ಮೆಪಟ್ಟೆ. ಯಾರಿಗೆ ತೋರಿಸಲು ಆ ಸಾಹಸ ಎಂದು ಈಗಲೂ ತಿಳಿಯದು.

ವಿಕಲಾಂಗರ ಸಾಧನೆಯನ್ನು ಕುರಿತ ಲೇಖನಗಳಲ್ಲಿ ಈ ಏದುಸಿರಿನ ಮೆಟ್ಟಿಲನ್ನೇ ಹೊಗಳುತ್ತಾರೆ. ಕೆಳಗೆ ಕೊಠಡಿ ಖಾಲಿಯಿತ್ತೇ ಎಂದು ವಿಚಾರಿಸುವವರು ಕಡಮೆ. ಮೈಸೂರಿನಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆಂದು ಶಾಲೆ ಪ್ರಾರಂಭವಾದದ್ದು 1901ರಲ್ಲಿ. ಅದೇ ಊರಿನಲ್ಲಿ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳಿಗೆ ಕಾಡಿನ ಅಂಚಿನಲ್ಲೇ ಶಾಲೆ ತೆರೆಯಿತು. ಸೋಲಿಗರ ಹಾಡಿಗಳಿಂದ ಪಿಎಚ್.ಡಿ. ಪದವೀಧರರೂ ಬಂದಿದ್ದಾರೆ. ಆ ಮಕ್ಕಳ ಛಲ ದೊಡ್ಡದು, ನಿಜ. ಆದರೆ ಛಲವೆಂಬುದು ಶಾಲೆ ಬರುವುದಕ್ಕೆ ಮುಂಚೆಯೂ ಹಾಡಿಯಲ್ಲಿತ್ತಲ್ಲವೆ?

ಊಟ ಮುಗಿಸಿ ತಿರುಗಾಡುತ್ತಿದ್ದಾಗ ಒಂದು ಶಾಸನದ ಕಲ್ಲು ಸಿಕ್ಕಿತು. ಬಿಸಿಲು ನೇರ ಬಿದ್ದಿದ್ದರಿಂದ ನನ್ನ ಕಣ್ಣಿಗೆ ಅದು ಬರಿಯ ಬೂದು ಹಲಗೆ. ಹುಡುಗ ಹತ್ತಿರ ಹೋಗಿ ಮಂಡಿಯೂರಿ ಬೆರಳಿಟ್ಟ. ಮೊದಲು ಮೂಗನ್ನು ಆನಿಸಿದ್ದವನು ಆಮೇಲೆ ಕಣ್ಣು ಮುಚ್ಚಿಯೇ ಬಿಟ್ಟ. ಬೆರಳು ಮೆಲ್ಲಮೆಲ್ಲನೆ ಸರಿಯಿತು.

"ಶ್ರೀ" ಎಂದ.

ನಾನು ಬಗ್ಗಿ ನೋಡಿದೆ, ಹೌದು. ಮುಂದಿನ ನಾಲ್ಕೈದು ಅಕ್ಷರಗಳನ್ನೂ ತಡವಿ ಹೇಳಿದ. ಎರಡು ತಪ್ಪಾಗಿರಬಹುದು, ತಿದ್ದುವ ಪಾಂಡಿತ್ಯ ನನ್ನಲ್ಲಿರಲಿಲ್ಲ. ಪ್ಯಾರಿಸ್ಸಿನ ಲೂಯಿ ಬ್ರೈಲ್ ನೆನಪಾದ. ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ದಬ್ಬಳ ಕಣ್ಣಿಗೆ ತಾಗಿ ದೃಷ್ಟಿ ಕಳೆದುಕೊಂಡವನು, ದಬ್ಬಳದಂಥದೇ ಮೊನೆಯಿಂದ ಕಾಗದದ ಮೇಲೆ ಚುಕ್ಕೆಗಳನ್ನೆಬ್ಬಿಸಿ, 1829ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದ. ಆರು ಚುಕ್ಕೆಗಳ ಆ ಲಿಪಿಯಲ್ಲಿ ಈಗ ಕನ್ನಡವೂ ಇದೆ.

ದನ ಅಟ್ಟಿಕೊಂಡು ಬಂದ ಮುದುಕಪ್ಪನೊಬ್ಬ ನಿಂತು ನೋಡಿದ. "ಯಾವೂರಾಯ್ತು ಸಾಮಿ? ಮೊಗೀಗೆ ಕಣ್ಣು ಮಂಜಾ?"

"ಸ್ವಲ್ಪ ಮಂಜು" ಎಂದೆ.

"ನಾನು ಹುಟ್ಟಿದಾಗ್ಲಿಂದ್ಲೂ ಈ ಕಲ್ಲ ನೋಡ್ತಾವ್ನಿ, ಒಂದಕ್ಷರ ತಿಳೀನಿಲ್ಲ. ಏನದೆ ಮೊಗ, ಓದು ಮತ್ತೆ."

ಹುಡುಗ ಓದಿದ. ಮುದುಕಪ್ಪ ಕಲ್ಲಿನ ಮೇಲೆ ಅಂಟಿದ್ದ ಪಾಚಿಯನ್ನು ಕೋಲಿನ ತುದಿಯಿಂದ ಕೆರೆಯಹೊರಟ. ಕೋಲಾದರೆ ಅಕ್ಷರ ಕೆಡುತ್ತದೆಂದು ಹುಡುಗ ತಡೆದ. ಆತ ಹೆಗಲ ಮೇಲಿನ ಟವಲಿನಿಂದಲೇ ಒರೆಸಿ, "ಈಗ ನೋಡು" ಎಂದ. ಹೀಗೆ ಒಬ್ಬ ಒರೆಸುತ್ತ, ಒಬ್ಬ ತಡವುತ್ತ, ಅರ್ಧ ಗಂಟೆಯಲ್ಲಿ ಒಂದೂವರೆ ಸಾಲು ಮುಂದೆ ಹೋದರು. ಈ ನಡುವೆ ದನ ಯಾರದೋ ಬಾಳೆಯ ತೋಟದ ಬೇಲಿಯ ಬಳಿಗೆ ಹೋಗಿ, ಮುದುಕಪ್ಪ ಶಾಸನವನ್ನು ಬಿಟ್ಟು ಓಡಬೇಕಾಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದಾಗಲೂ ಹುಡುಗ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ. ಬೇಗೂರು ಕಳೆದ ಮೇಲೆ ಇದ್ದಕ್ಕಿದ್ದಂತೆ,

"ಮಾವ, ಲಿಪಿಕಾರರು ನಮಗಿಂತ ಕೆಳಗಿನ ತರಗತಿಯವರೇ ಆಗಬೇಕಲ್ಲವೆ?" ಎಂದ.

"ಹೌದು."

"ಪಕ್ಕದ ಮನೆಯ ಹುಡುಗಿ ಒಂಬತ್ತನೆಯ ತರಗತಿ. ಅಕ್ಷರ ದುಂಡಗಿದೆಯಂತೆ. ಆದರೆ ಅವಳಿಗೆ ಒತ್ತಕ್ಷರ ನೆಟ್ಟಗೆ ಬರುವುದಿಲ್ಲ."

"ಹಾಗಾದರೆ ಏನು ಮಾಡುತ್ತೀಯೆ?"

"ನಾಳೆಯಿಂದಲೇ ಕಲಿಸಬೇಕು" ಎಂದು ಹೇಳಿ, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ.