ಕುಲುಮೆಯ ಕಿಟ್ಟದಿಂದ ಜಗಳೂರಿನ ಕೊಡದವರೆಗೆ

ನ್ಯಾಮತಿಯ ಈ ಓಣಿಗೆ ತಿರುಗಿದ ಕೂಡಲೇ ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ. ತಗಡಿನ ಮಾಡಿನ ಕೆಳಗೆ ಕುಲುಮೆ. ತಿದಿ ಒತ್ತುವ ಕಾಲ ಹೋಯಿತು, ಈಗ ಸಣ್ಣದೊಂದು ಮೋಟಾರು ಗಾಳಿ ಊದುತ್ತದೆ. ಅಡಿಕೆ ಸುಗ್ಗಿ ಹತ್ತಿರ ಬಂದಿದೆ. ಸುಲಿಯುವ ಮೆಟ್ಟುಗತ್ತಿಗಳು ಸಾಣೆಗೂ ಹದಕ್ಕೂ ಬಂದು ಗೋಡೆಯ ಬುಡದಲ್ಲಿ ಸಾಲಾಗಿ ಕೂತಿವೆ.

"ಈಚೆ ನಿಲ್ಲಿ ಸರ, ಸಿಡೀತದೆ," ಎನ್ನುತ್ತಾರೆ ಕಮ್ಮಾರರು.

ಮೂಲೆಯ ಚೀಲದಿಂದ ಒಂದು ಕಲ್ಲಿದ್ದಲ ಹೆಂಟೆ ತೆಗೆದು ಬಾಗಿಲ ಬೆಳಕಿಗೆ ಹಿಡಿಯಿರಿ. ಕಪ್ಪೆಲ್ಲ ಒಂದೇ ಕಪ್ಪಲ್ಲ. ಹೊಳೆಯುವ ಪಟ್ಟಿಯೊಂದು, ಮಂಕು ಬೂದು ಪಟ್ಟಿಯೊಂದು, ಮತ್ತೆ ಹೊಳಪು. ಆ ಮಂಕಿನಲ್ಲಿ ಜೇಡಿ ಸೇರಿಕೊಂಡಿದೆ. ಬಿರುಕಿನೊಳಗೆ ಬಿಳಿಯ ತೆಳು ಪೊರೆ ಕಂಡರೆ ಅದು ಕ್ಯಾಲ್ಸೈಟ್, ಇಲ್ಲವೇ ಕೇಯೊಲಿನ್ ಜೇಡಿ. ಅಲ್ಲಲ್ಲಿ ಹಿತ್ತಾಳೆಯಂತೆ ಮಿನುಗುವ ಚುಕ್ಕಿ ಪೈರೈಟ್, ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಓಣಿಗೆಲ್ಲ ಹರಡಿದ ಘಾಟಿನಲ್ಲಿ ಅದರ ಪಾಲೂ ಇದೆ.

ಹೆಂಟೆ ಬೆಂಕಿಗೆ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಮ್ಮಾರರು ಕೊಕ್ಕೆಯಿಂದ ಕೆಂಡ ಕೆದಕಿ, ಅಂಟಂಟಾದ ಗಡ್ಡೆಯೊಂದನ್ನು ಹೊರಗೆಳೆದು ನೆಲಕ್ಕೆ ಕೆಡವುತ್ತಾರೆ. ಕಿಟ್ಟ. "ಇದು ಅಡಿಗೆ ಕೂತ್ರೆ ಗಾಳಿ ಕಟ್ಟುತ್ತೆ, ಕಬ್ಬಿಣ ಕಾಯೋದೇ ಇಲ್ಲ." ತಣ್ಣಗಾದ ಮೇಲೆ ಒಡೆದರೆ ಒಳಗೆ ಗಾಜಿನ ಮೆರುಗು. ಮರದ ಪಾಲೆಲ್ಲ ಉರಿದುಹೋಗಿ, ಮಣ್ಣಿನ ಪಾಲು ಕರಗಿ ಗಟ್ಟಿಯಾಗಿ ಉಳಿದದ್ದು ಇದು.

ನಮ್ಮ ದೇಶದ ಕಲ್ಲಿದ್ದಲಲ್ಲಿ ಈ ಮಣ್ಣಿನ ಪಾಲು ಬಹಳ ದೊಡ್ಡದು. ವಿದ್ಯುತ್ ಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಲ್ಲಿ ಮೂರನೇ ಒಂದರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೂದಿಯೇ. ಸುಮಾರು 25–30 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಎಂಬ ಹಳೆಯ ಭೂಖಂಡದ ಕಾಡುಗಳು ಜೌಗಿನಲ್ಲಿ ಕೊಳೆಯುತ್ತಿದ್ದಾಗ ಹೊಳೆಗಳು ಮರಳು, ಜೇಡಿಯನ್ನು ತಂದು ಬೆರೆಸುತ್ತಲೇ ಇದ್ದವು. 1985ರಿಂದ ಉರಿಯುತ್ತಿರುವ ರಾಯಚೂರಿನ ಶಕ್ತಿನಗರ ಸ್ಥಾವರ ಇಂದು 1720 ಮೆಗಾವ್ಯಾಟ್‌ನದು. ಅಲ್ಲಿ ಆ ಮರಳು, ಜೇಡಿಯೇ ಬೂದಿಗುಡ್ಡೆಗಳಾಗಿವೆ.

ನಮ್ಮ ಈ ಸೀಮೆಯ ನೆಲದಲ್ಲೇ ಯಾಕಿಲ್ಲ ಕಲ್ಲಿದ್ದಲು? ಉತ್ತರ ಬೇಕಾದರೆ ಚನ್ನಗಿರಿ ತಾಲ್ಲೂಕಿನ ಜೋಳದಾಳ್ ಕಡೆಗೆ ನಡೆಯಿರಿ. ಕಾಲಡಿಯ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಆಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ಇದ್ದದ್ದು ಆಳವಿಲ್ಲದ ಸಮುದ್ರದ ಲೋಳೆಯಂಥ ಸೂಕ್ಷ್ಮಜೀವಿಗಳು. ಅವು ಸುಣ್ಣಗಲ್ಲಿನಲ್ಲಿ ಪದರ ಪದರವಾದ ಉಬ್ಬುಗಳನ್ನು ಬಿಟ್ಟು ಹೋಗಿವೆ, ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಕಲ್ಲಿದ್ದಲಿಗೆ ಕಾಡು ಬೇಕು. ಕಾಡು ಹುಟ್ಟುವ ಹೊತ್ತಿಗೆ ಈ ನೆಲ ಮುದಿಯಾಗಿತ್ತು.

ಕಲ್ಲಿದ್ದಲಿಲ್ಲದ ಈ ನೆಲದಲ್ಲೇ, ಹೊನ್ನಾಳಿ ಸೀಮೆಯ ಪಲವನಹಳ್ಳಿಯ ಸುತ್ತ, ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದಿದ್ದರು. ಚಿನ್ನದ ಅದಿರೆಂದರೆ ಟನ್ ಕಲ್ಲಿಗೆ ನಾಲ್ಕೈದು ಗ್ರಾಂ ಹೊನ್ನು. ಕಲ್ಲಿದ್ದಲೊಳಗಿನ ಆರ್ಸೆನಿಕ್, ಸೀಸ, ಸೆಲೆನಿಯಂಗಳೂ ಇದೇ ಅಳತೆಯವು, ಟನ್ನಿಗೆ ಕೆಲವು ಗ್ರಾಂ. ಪಾದರಸ ಇನ್ನೂ ಕಡಿಮೆ, ಒಂದು ಗ್ರಾಮಿನ ಹತ್ತನೇ ಒಂದರಷ್ಟು. ಇಷ್ಟೇ ಇಷ್ಟಕ್ಕೆ ಬೆಟ್ಟ ಅಗೆಯುವ ನಾವು, ಇಷ್ಟೇ ಇಷ್ಟು ವಿಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಸೋಜಿಗ. ಆರ್ಸೆನಿಕ್ ಹೆಚ್ಚಾಗಿ ಆ ಹಿತ್ತಾಳೆ ಬಣ್ಣದ ಪೈರೈಟಿನಲ್ಲೇ ಅಡಗಿರುತ್ತದೆ. ಪಾದರಸ ಬೆಂಕಿ ತಾಗಿದೊಡನೆ ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಫ್ಲೋರೀನ್ ಕೂಡ ಬಹುಪಾಲು ಹೊಗೆಗೇ.

ಆ ಫ್ಲೋರೀನಿನ ಜಾಡು ಹಿಡಿದು ಜಗಳೂರಿಗೆ ಬನ್ನಿ.

ಅಡಿಕೆ ತೋಟಗಳು ಹಿಂದೆ ಬಿದ್ದಿವೆ. ಬಯಲು, ಒಣಗಾಳಿ, ಅರ್ಧ ರಸ್ತೆಯುದ್ದಕ್ಕೂ ಹರವಿದ ಮೆಕ್ಕೆಜೋಳ. ಬೈಕಿನವರು ಬೈಯುತ್ತಲೇ ಬಳಸಿಕೊಂಡು ಹೋಗುತ್ತಾರೆ. ಈ ಬಿಸಿಲಿನ ಬೆಲೆ ತಿಳಿಯಬೇಕಾದರೆ ಚೀನಾದ ಗ್ವಿಝೌ ಪ್ರಾಂತ್ಯವನ್ನು ನೆನೆಯಬೇಕು. ಅಲ್ಲಿ ಕೊಯ್ಲಿನ ಕಾಲಕ್ಕೆ ಮೋಡ, ತೇವ. ಹಾಗಾಗಿ ಮೆಕ್ಕೆಜೋಳ, ಮೆಣಸಿನಕಾಯಿಯನ್ನು ಮನೆಯೊಳಗೆ, ಹೊಗೆಕೊಳವೆಯಿಲ್ಲದ ಕಲ್ಲಿದ್ದಲ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಿದ್ದರು. ಪುಡಿಯನ್ನು ಉಂಡೆ ಕಟ್ಟಲು ಬೆರೆಸುತ್ತಿದ್ದ ಜೇಡಿಯಲ್ಲೂ ಫ್ಲೋರೀನ್, ಫ್ಲೋರೈಡ್ ರೂಪದಲ್ಲಿ, ಇತ್ತು. ಕಾಳು ಹೊಗೆ ಕುಡಿಯಿತು, ಜನ ಕಾಳು ತಿಂದರು. ಗ್ವಿಝೌ ಮತ್ತು ಸುತ್ತಲ ಪ್ರದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನಕ್ಕೆ ಫ್ಲೋರೋಸಿಸ್ ಬಂತು, ಹಲ್ಲು ಮತ್ತು ಎಲುಬು ಕೆಡಿಸುವ ರೋಗ. ಆರ್ಸೆನಿಕ್ ತುಂಬಿದ ಕಲ್ಲಿದ್ದಲು ಉರಿಸಿದ ಕಡೆ ಇನ್ನೂ ಸುಮಾರು 3,000 ಜನಕ್ಕೆ ಆರ್ಸೆನಿಕ್ ವಿಷ. ದಾರಿ ಮುಖ್ಯವಾಗಿ ಅದೇ ಮೆಣಸಿನಕಾಯಿ.

ಜಗಳೂರಿನ ಮೆಕ್ಕೆಜೋಳಕ್ಕೆ ಆ ಹೊಗೆಯಿಲ್ಲ. ಆದರೆ ರಸ್ತೆ ಬದಿಯಲ್ಲಿ ಕಾಳು ಕೈಯಾಡಿಸುತ್ತಿರುವ ಹಿರಿಯರು ನಕ್ಕಾಗ ನೋಡಿ: ಹಲ್ಲಿನ ಮೇಲೆ ಅಡ್ಡಕ್ಕೆ ಕಂದು ಗೆರೆ. ಎದ್ದು ನಿಲ್ಲುವಾಗ ಕೈ ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ. ಇಲ್ಲಿ ಅದೇ ಫ್ಲೋರೈಡ್ ಬೋರ್‌ವೆಲ್ಲಿನಿಂದ ಬರುತ್ತದೆ. ಕಣಶಿಲೆಯೊಳಗಿನ ಕರಿ ಅಭ್ರಕ, ಅಪಟೈಟ್‌ನಂಥ ಖನಿಜಗಳ ಜೊತೆ ನೀರು ವರ್ಷಗಟ್ಟಲೆ ಕೂತು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಫ್ಲೋರೈಡ್ ಅದಕ್ಕಂಟಿ ತಳಕ್ಕಿಳಿದೀತು. ಸುಣ್ಣ ಕಡಿಮೆಯಾಗಿ ಸೋಡಾ ಹೆಚ್ಚಿದರೆ ಕರಗಿಯೇ ಉಳಿಯುತ್ತದೆ. ಮಳೆ ಕಡಿಮೆ, ಬೋರು ಆಳ ಆಳಕ್ಕೆ, ನೀರು ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲು ಗಟ್ಟಿಮಾಡುವ ಅಳತೆಗೂ ಹಾಳುಮಾಡುವ ಅಳತೆಗೂ ನಡುವೆ ಅಂತರ ಅಷ್ಟೇ.

ಮೇಲಿನ ನೀರಿಗೆ ಈ ದೋಷ ಕಡಿಮೆ. ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯನ್ನೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ಇಲ್ಲಿಯವರು ಅಷ್ಟು ಕಾದದ್ದು ಬೆಳೆಗಾಗಿ ಮಾತ್ರವಲ್ಲ.

ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ನಾಣ್ಯ ಬೀಳುತ್ತದೆ, ನಲ್ಲಿ ಸುರಿಯುತ್ತದೆ. ಗೋಡೆಯ ಹಿಂದೆ ಇನ್ನೊಂದು ಕೊಳವೆ ಚರಂಡಿಗೆ ಹರಿಯುತ್ತಿದೆ: ಯಂತ್ರ ಬೇಡವೆಂದ ನೀರು, ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುವುದು. ಆಚೆ ಕಟ್ಟಿದ ಎಮ್ಮೆ ಅದಕ್ಕೇ ಬಾಯಿ ಹಾಕಿದೆ. ದನಗಳ ಹಲ್ಲಿಗೂ ಎಲುಬಿಗೂ ಈ ರೋಗ ಬರುತ್ತದೆ.

"ಇದು ಕುಡಿಯಾಕ ಮಾತ್ರ," ಎನ್ನುತ್ತಾಳೆ ಅಜ್ಜಿ, ಕ್ಯಾನಿನ ಮುಚ್ಚಳ ತಿರುವುತ್ತ. "ಅನ್ನಕ್ಕ, ಸಾರಿಗೆ ಬೋರಿನ ನೀರು. ಹೆಂಗೂ ಕುದಿಸ್ತೀವಲ್ಲ."

ಕಲ್ಲಿದ್ದಲ ಬೆಂಕಿಯಲ್ಲಿ ಹಾರಿಹೋಗುವ ಫ್ಲೋರೈಡ್ ಅನ್ನದ ಗಡಿಗೆಯಿಂದ ಹಾರುವುದಿಲ್ಲ. ಆವಿಯಾಗುವುದು ನೀರು. ಉಳಿದ ನೀರಲ್ಲಿ ಅದು ಹೆಚ್ಚುತ್ತದೆ, ಅಕ್ಕಿ ಅದನ್ನು ಹೀರುತ್ತದೆ. ಘಟಕ ನೋಡಿಕೊಳ್ಳುವ ಹುಡುಗನಿಗೆ ಇದು ಗೊತ್ತಿದೆ.

"ಅಡಿಗಿಗೂ ಇದ್ನೇ ಒಯ್ಯಜ್ಜಿ, ಎಷ್ಟು ಸಲ ಹೇಳ್ಲಿ?"

"ಒಯ್ದೇನು. ಎರಡ್ನೇ ಕ್ಯಾನು ಹೊರೋರ್ಯಾರು, ನೀ ಬರ್ತೀಯೇನು?"