ಬೆನ್ನಿಗೆ ನಿಲ್ಲುವವರು

ನಮ್ಮ ಕನ್ನಡದಲ್ಲಿ ಬೆನ್ನಿಗೆ ದೊರೆತಿರುವ ಮನ್ನಣೆ ಮತ್ತಾವ ಅವಯವಕ್ಕೂ ದೊರೆತಿಲ್ಲವೆಂದೇ ತೋರುತ್ತದೆ. ಒಳ್ಳೆಯ ಕೆಲಸ ಮಾಡಿದವನ ಬೆನ್ನು ತಟ್ಟುತ್ತೇವೆ; ಕಷ್ಟದಲ್ಲಿರುವವನ ಬೆನ್ನಿಗೆ ನಿಲ್ಲುತ್ತೇವೆ; ಹೇಡಿಯಾದವನು ಬೆನ್ನು ತೋರಿಸಿ ಓಡುತ್ತಾನೆ; ನಮ್ಮ ನಂತರ ಹುಟ್ಟಿದವನು ಬೆನ್ನಿಗೆ ಬಿದ್ದ ತಮ್ಮನಾಗುತ್ತಾನೆ. ರೈತನಂತೂ ಭಾಷಣಕಾರರೆಲ್ಲರ ಬಾಯಲ್ಲಿ ದೇಶದ ಬೆನ್ನೆಲುಬು. ಇಷ್ಟೆಲ್ಲವನ್ನು ಹೊರುವ ಬೆನ್ನಿಗೂ ನೋವಾಗಬಹುದೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ನನಗೆ ಅದು ಮನದಟ್ಟಾದದ್ದು ನನ್ನ ಅಕ್ಕನ ಮಗಳಿಂದ.

ಅವಳು ಮೈಸೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದಾಳೆ. ನಾಲ್ಕು ವರ್ಷಗಳ ವ್ಯಾಸಂಗ. ಈಗ ಮೂರನೆಯ ವರ್ಷ. ಕನ್ನಡ ಉಪನ್ಯಾಸಕನಾದ ನಾನು ದಿನವಿಡೀ ಎತ್ತುವ ವಸ್ತುಗಳಲ್ಲಿ ಅತ್ಯಂತ ಭಾರವಾದದ್ದು ಹಾಜರಿ ಪುಸ್ತಕ. ಅವಳ ಓದು ಅಂಥದಲ್ಲ. ಪಾರ್ಶ್ವವಾಯು ಬಡಿದು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಇಲ್ಲವಾದರೆ ಬೆನ್ನಿನಲ್ಲಿ ಹುಣ್ಣುಗಳಾಗುತ್ತವೆ. ರೋಗಿ ಮಲಗಿದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸಬೇಕು, ಮೈ ಒರೆಸಬೇಕು, ಕೆಳಕ್ಕೆ ಜಾರಿದವರನ್ನು ದಿಂಬಿನತ್ತ ಸರಿಸಬೇಕು, ಮಂಚದಿಂದ ಗಾಲಿಕುರ್ಚಿಗೆ ಇಳಿಸಬೇಕು. ಹಳೆಯ ಕಬ್ಬಿಣದ ಮಂಚಗಳ ಎತ್ತರವನ್ನು ಏರಿಸಿ ಇಳಿಸುವಂತಿಲ್ಲ. ಆದುದರಿಂದ ಬಾಗಬೇಕಾದದ್ದು ಮಂಚವಲ್ಲ, ಹುಡುಗಿ.

ಎರಡನೆಯ ವರ್ಷದ ಕೊನೆಯಲ್ಲಿ ನೋವು ಆರಂಭವಾಯಿತು. ಅವಳು ಯಾರಿಗೂ ಹೇಳಲಿಲ್ಲ. ರಾತ್ರಿಯ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿಯ ಪಟ್ಟಿ ಬಿಚ್ಚಲು ಗೋಡೆ ಹಿಡಿದುಕೊಳ್ಳುವುದನ್ನು ಮೊದಲು ಕಂಡವಳು ನನ್ನ ಮಡದಿ. ಗದರಿಸಿ ಕೇಳಿದ ಮೇಲೆ ಎಲ್ಲವೂ ಹೊರಬಂತು. ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಗೆಳತಿ ಕೊಟ್ಟ ನೋವಿನ ಮಾತ್ರೆ ನುಂಗಿ ತಿಂಗಳೊಪ್ಪತ್ತು ದೂಡಿದ್ದಳಂತೆ.

“ಅತ್ತೆ, ಕಾಲೇಜಿನಲ್ಲಿ ತಿಳಿದರೆ ಈ ಕೆಲಸಕ್ಕೆ ಲಾಯಕ್ಕಲ್ಲ ಅಂತಾರೆ. ಊರಿನಲ್ಲಿ ತಿಳಿದರೆ ಬಂದುಬಿಡು ಅಂತಾರೆ. ಅಮ್ಮನ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ” ಎಂದು ಅತ್ತಳು.

ಅವಳ ಅಂಜಿಕೆ ಸುಳ್ಳಾಗಲಿಲ್ಲ. ವಿಷಯ ತಿಳಿದೊಡನೆ ಭಾವ ಫೋನು ಮಾಡಿ, “ಸೊಂಟನೋವಿನ ಹುಡುಗಿಯೆಂದು ಹೆಸರಾದರೆ ನಾಳೆ ಗಂಡು ನೋಡುವುದು ಹೇಗಯ್ಯಾ? ಓದು ಸಾಕು, ಕಳಿಸಿಬಿಡು” ಎಂದರು. ಅಕ್ಕ ಮಾತ್ರ ಹಿಂದಿನಿಂದ ಮೆಲ್ಲನೆ, “ಮೊದಲು ಡಾಕ್ಟರಿಗೆ ತೋರಿಸೋ” ಎಂದಳು. ಒಡವೆ ಬಿಚ್ಚಿಕೊಟ್ಟವಳ ಮಾತನ್ನೇ ನಾನು ಹಿಡಿದೆ.

ಪರೀಕ್ಷಿಸಿದ ವೈದ್ಯರು, ಮೂಳೆಗಾಗಲಿ ನರಕ್ಕಾಗಲಿ ಪೆಟ್ಟಿಲ್ಲ, ಸ್ನಾಯುಗಳು ದಣಿದು ಬಿಗಿದುಕೊಂಡಿವೆ ಎಂದರು. ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ಎಚ್ಚರಿಸಿದರು. ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ. ಸಾಧಾರಣ ಬೆನ್ನುನೋವಿಗೆ ದೀರ್ಘಕಾಲ ಮಲಗುವುದರಿಂದ ಸ್ನಾಯು ಸೊರಗುವುದೇ ಹೊರತು ಗುಣವಿಲ್ಲ, ಆದಷ್ಟು ನಡೆದಾಡುತ್ತಿರಬೇಕು. ದಿನವೂ ಮಾಡಲು ನಾಲ್ಕಾರು ವ್ಯಾಯಾಮಗಳನ್ನೂ ಹೇಳಿಕೊಟ್ಟರು. ಬೆಳಿಗ್ಗೆ ಚಾಪೆ ಹಾಸಿ ಅವಳು ಅವನ್ನು ಮಾಡುವಾಗ ನನ್ನ ಆರು ವರ್ಷದ ಮಗನೂ ಪಕ್ಕದಲ್ಲಿ ಕಾಲೆತ್ತುತ್ತಾನೆ.

ಎತ್ತುವ ವಿದ್ಯೆಯನ್ನು ಅವಳು ಪಾಠದಲ್ಲಿ ಕಲಿತೇ ಇದ್ದಳು. ತುಂಬಿದ ಕೊಡವನ್ನು ಮೈಗೆ ಆತುಕೊಂಡರೆ ಹೊರಬಹುದು; ಅದನ್ನೇ ತೋಳು ಚಾಚಿ ಹಿಡಿದರೆ ನಾಲ್ಕು ಹೆಜ್ಜೆ ನಡೆಯಲಾಗದು. ರೋಗಿಯ ವಿಷಯದಲ್ಲಿಯೂ ಹಾಗೆಯೇ. ಮಂಚದ ಹತ್ತಿರ ಸರಿಯಬೇಕು, ಪಾದಗಳನ್ನು ಅಗಲಿಸಿ ನಿಲ್ಲಬೇಕು, ಸೊಂಟದ ಬದಲು ಮೊಣಕಾಲು ಬಗ್ಗಿಸಬೇಕು, ಭಾರ ಹಿಡಿದಾಗ ನಡುವನ್ನು ತಿರುಚಬಾರದು. ಇದೆಲ್ಲ ಸರಿಯೆ. ಆದರೆ ಮನುಷ್ಯ ಕೊಡವಲ್ಲವಲ್ಲ! ನಡುವೆ ಕೈ ಕೊಸರುತ್ತಾನೆ, ಹೆದರಿ ಕೊರಳಿಗೆ ಜೋತುಬೀಳುತ್ತಾನೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕರೊಬ್ಬರು 2007ರಲ್ಲಿ ಲೆಕ್ಕಹಾಕಿ, ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಬರುವ ಭಾರ ಸುಮಾರು 16 ಕಿಲೋ ಮೀರಬಾರದೆಂದು ಸೂಚಿಸಿದರು. ಹದಿನಾರು ಕಿಲೋ! ನನ್ನ ಮಗನ ತೂಕವೇ ಅದಕ್ಕಿಂತ ಹೆಚ್ಚು. ವಾರ್ಡಿನಲ್ಲಿ ಮಲಗಿರುವವರು ಅರವತ್ತು ಎಪ್ಪತ್ತು ಕಿಲೋ ತೂಗುವವರು. ಹುಡುಗಿ ಎಷ್ಟೇ ಕ್ರಮವಾಗಿ ಬಾಗಿದರೂ ಈ ಲೆಕ್ಕ ಒಬ್ಬಳಿಂದ ಸರಿಹೋಗುವಂಥದಲ್ಲ.

ದಾದಿಯರ ವೃತ್ತಿಗೆ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲರನ್ನು ನಾವು ದೀಪ ಹಿಡಿದು ನಿಂತ ಚಿತ್ರದಲ್ಲಿಯೇ ಕಂಡಿದ್ದೇವೆ. 1855ರಲ್ಲಿ ಕ್ರೈಮಿಯಾದಲ್ಲಿ ಜ್ವರ ಹತ್ತಿದ ಆಕೆ ಊರಿಗೆ ಮರಳಿದ ಮೇಲೆ ಎಷ್ಟೋ ವರ್ಷ ಬೆನ್ನಿನ ಬೇನೆಯಿಂದ ನರಳಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ದಾದಿಯರ ಶಾಲೆಗೆ ಆಕೆಯ ಹೆಸರೇ ಇದ್ದರೂ, ಕಾಯಿಲೆಯ ದೆಸೆಯಿಂದ ಆಕೆ ಅದರ ಮುಖ್ಯಸ್ಥೆಯಾಗಲಿಲ್ಲ. ಹೆಚ್ಚಿನ ಕೆಲಸವನ್ನು ಕೋಣೆಯಿಂದಲೇ, ಬರವಣಿಗೆಯಿಂದ, ಇತರರ ಕೈಯಿಂದ ನಡೆಸಿದರು. ಇದನ್ನು ಹೇಳಿದಾಗ ನಮ್ಮ ಹುಡುಗಿ, “ಹೌದೇ ಮಾವ? ದೀಪ ಹಚ್ಚಿ ಪ್ರತಿಜ್ಞೆ ಮಾಡಿಸಿದಾಗ ಇದನ್ನು ಯಾರೂ ಹೇಳಲಿಲ್ಲವಲ್ಲ” ಎಂದಳು.

ಕೊನೆಗೆ ಧೈರ್ಯ ಮಾಡಿ ಅವಳು ವಾರ್ಡಿನ ಹಿರಿಯ ಸಿಸ್ಟರಿಗೆ ನೋವಿನ ವಿಷಯ ತಿಳಿಸಿದಳು. ಆಕೆ ಬೈಯಲಿಲ್ಲ. ತಮ್ಮ ಸೀರೆಯಂಚನ್ನು ತುಸು ಸರಿಸಿ, ಸೊಂಟದ ಬೆಲ್ಟನ್ನು ತೋರಿಸಿ, “ಇಪ್ಪತ್ತು ವರ್ಷ ಒಬ್ಬಳೇ ಎತ್ತಿದ್ದಕ್ಕೆ ಸಿಕ್ಕ ಪದಕ ಇದು. ನಿನಗೆ ಬೇಡ. ಯಾರನ್ನಾದರೂ ಕರೆಯದೆ ರೋಗಿಯ ಮೇಲೆ ಕೈಯಿಡಬೇಡ” ಎಂದರಂತೆ. ಈಗ ಅವಳು ರೋಗಿಯ ಮೈಯಡಿ ಅಡ್ಡಬಟ್ಟೆ ಹಾಸಿ, ಅತ್ತ ಇತ್ತ ಇಬ್ಬರು ನಿಂತು, “ಒಂದು, ಎರಡು, ಮೂರು” ಎಂದು ಎಣಿಸಿ ಜಾರಿಸುತ್ತಾಳೆ. ಜೊತೆಯ ವಿದ್ಯಾರ್ಥಿನಿ ಸಿಗದಿದ್ದರೆ ರೋಗಿಯ ಕಡೆಯವರನ್ನು, “ಅಣ್ಣ, ಈ ತುದಿ ಸ್ವಲ್ಪ ಹಿಡೀರಿ” ಎಂದು ಕರೆದು, ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತಾಳೆ. ಮೊದಮೊದಲು ಸಂಕೋಚವಾಗುತ್ತಿತ್ತಂತೆ. ಕೆಲವರು, “ನಿಮ್ಮ ಕೆಲಸ ನೀವು ಮಾಡಿ” ಎಂದದ್ದೂ ಉಂಟು.

ನೋವು ಪೂರ್ತಿ ಹೋಗಿಲ್ಲ. ಸತತ ರಾತ್ರಿಪಾಳಿ ಬಿದ್ದ ವಾರ ತಲೆಹಾಕುತ್ತದೆ. ಆದರೆ ಓದು ನಿಂತಿಲ್ಲ. ಭಾವನವರೂ ಈಗ ಗಂಡಿನ ಮಾತೆತ್ತದೆ ಪರೀಕ್ಷೆಯ ತಾರೀಖು ಕೇಳುತ್ತಾರೆ.

ಓದುಗ ಮಹಾಶಯರಲ್ಲಿ ನನ್ನದೊಂದು ವಿನಂತಿ. ನಿಮ್ಮವರಾರಾದರೂ ಆಸ್ಪತ್ರೆಯಲ್ಲಿದ್ದು, ಬಿಳಿಯ ಕೋಟಿನ ಹುಡುಗಿಯೊಬ್ಬಳು ಮಂಚದ ಬಳಿ ನಿಂತು ಅತ್ತಿತ್ತ ನೋಡಿದರೆ, ಅವಳು ಕರೆಯುವವರೆಗೆ ಕಾಯದೆ ಎದ್ದು, “ಎಲ್ಲಿ ಹಿಡಿಯಲಿ, ತಾಯಿ?” ಎಂದು ಕೇಳಿ. ಸೇವೆಯೆಂದು ಹೊಗಳಿ ಬೆನ್ನು ತಟ್ಟುವವರು ಅವಳಿಗೆ ಬೇಕಾದಷ್ಟು ಜನ ಇದ್ದಾರೆ.